ಕುಕ್ಕರ್ ಹಿಡಿಸುವ ಸಿಂಕ್, ಎರಡು ತುಂಡಿನ ಮುಚ್ಚಳ

ನಾವಿರುವುದು ಟೆಕ್ಸಸ್‌ನಲ್ಲಿ. ನಾವು ತಗೊಂಡ ಹಳೇ ಟ್ರಾವೆಲ್ ಟ್ರೇಲರ್‌ನಲ್ಲಿ, ಅಂದ್ರೆ ವಾಹನದ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಮನೆಗಾಡಿಯಲ್ಲಿ, ಪ್ಲಾಸ್ಟಿಕ್‌ನ ಜೋಡಿ ಸಿಂಕ್ ಇತ್ತು. ಎರಡೂ ತೊಟ್ಟಿಗಳ ಆಳ 5 ಇಂಚು ಅಷ್ಟೇ. ಸ್ಯಾಂಡ್‌ವಿಚ್ ತಿಂದು ಎರಡು ತಟ್ಟೆ ತೊಳೆಯುವವರಿಗೆ ಅದು ಸಾಕು. ನಮಗೆ ಎಲ್ಲಿಗೆ ಹೋದರೂ ಅನ್ನ ಸಾರು ಬೇಕು, ಬೆಳಿಗ್ಗೆ ದೋಸೆ ಬೇಕು. ಹೆಂಡತಿ ನೋಡಿದವಳೇ, "ಇದರಲ್ಲಿ ಕುಕ್ಕರ್ ತೊಳೆಯೋದೋ, ಲೋಟ ತೊಳೆಯೋದೋ?" ಅಂದಳು. ಅದರ ಮೇಲೆ ಅರಿಶಿನದ ಕಲೆ ಬೇರೆ. ಬಿಳಿ ಪ್ಲಾಸ್ಟಿಕ್‌ಗೆ ಹತ್ತಿದ ಸಾಂಬಾರಿನ ಬಣ್ಣ ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಹಾಗಾಗಿ ಒಂದೇ ತೊಟ್ಟಿಯ ಸ್ಟೀಲ್ ಸಿಂಕ್ ಅಂತ ತೀರ್ಮಾನ ಮಾಡಿದೆವು. ಅಳತೆಗೆ ನಾನು ಇಟ್ಟುಕೊಂಡಿದ್ದು ನಮ್ಮ 5 ಲೀಟರ್ ಕುಕ್ಕರ್. ಬರೀ ಪಾತ್ರೆಯ ಅಗಲ ನೋಡಿದರೆ ಸಾಲದು, ಹಿಡಿಯನ್ನೂ ಸೇರಿಸಬೇಕು. ಹಿಡಿ ಸೇರಿ ಅದು 16 ಇಂಚಿನಷ್ಟಾಗುತ್ತದೆ. ಅದನ್ನು ಮಗ್ಗುಲಾಗಿ ಮಲಗಿಸಿ, ಸುತ್ತ ಕೈ ಆಡಿಸಿ ತಿಕ್ಕುವಷ್ಟು ಜಾಗ ಇರಬೇಕು. ದೋಸೆ ಹೆಂಚಿಗೂ ಇದೇ ಲೆಕ್ಕ.

ಸ್ಟೀಲ್‌ನಲ್ಲಿ ನೋಡಬೇಕಾದ್ದು ಎರಡೇ. ಒಂದು, ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯೇ ಅಂತ. ಎರಡು, ಗೇಜ್. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಗಡು ದಪ್ಪ. 22 ಗೇಜ್ ತೀರಾ ತೆಳು, ಪಾತ್ರೆ ಇಟ್ಟರೆ ಡಬಡಬ ಅನ್ನುತ್ತದೆ. 16 ಒಳ್ಳೆಯದೇ, ಆದರೆ ತೂಕ ಜಾಸ್ತಿ. ನಾನು 18 ತಗೊಂಡೆ, ಅಂದ್ರೆ ಸುಮಾರು 1.2 ಮಿಲಿಮೀಟರ್ ದಪ್ಪ. ಗ್ರಾನೈಟ್ ಪುಡಿ ಬೆರೆಸಿದ ಸಿಂಕ್‌ಗಳು ಚೆನ್ನಾಗಿ ಕಾಣುತ್ತವೆ. ಎಳೆದುಕೊಂಡು ಹೋಗುವ ಗಾಡಿಗೆ ಆ ಭಾರ ಯಾಕೆ, ಅಲ್ವಾ? ಕೌಂಟರಿನ ಕೆಳಗಿಂದ ಕೂರಿಸುವ ಬಗೆಯನ್ನೂ ಬಿಟ್ಟೆ. ಟ್ರೇಲರ್ ಕೌಂಟರ್ ಒಳಗೆ ಇರುವುದು ಒತ್ತಿದ ಮರದ ಪುಡಿ. ಕತ್ತರಿಸಿದ ಅಂಚಿಗೆ ನೀರು ತಾಕಿದರೆ ಉಬ್ಬುತ್ತದೆ. ಮೇಲಿಂದ ಕೂರಿಸುವ ಸಿಂಕ್ ಆದರೆ ಅದರ ಅಂಚೇ ಇದನ್ನು ಮುಚ್ಚಿಕೊಳ್ಳುತ್ತದೆ. ಇನ್ನೊಂದು ವಿಷಯ, ಹಳೇ ತೂತನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗುವುದಿಲ್ಲ. ಹೊಸ ಸಿಂಕ್‌ನ ಹೊರ ಅಳತೆ ಹಳೆಯದಕ್ಕಿಂತ ಕಡಿಮೆ ಇರಬಾರದು.

ಆಳದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. 9 ಇಂಚಿನದ್ದು ಸಿಕ್ಕಿತ್ತು, ಆಸೆಯೂ ಆಗಿತ್ತು. ಆದರೆ ಸಿಂಕ್ 4 ಇಂಚು ಕೆಳಗಿಳಿದರೆ ಅದರ ಡ್ರೈನ್ ಕೂಡ ಅಷ್ಟೇ ಇಳಿಯುತ್ತದೆ. ಆ ನೀರನ್ನು ಗೋಡೆಯೊಳಗೆ ಒಯ್ಯುವ ಒಂದೂವರೆ ಇಂಚಿನ ಪೈಪ್ ಇದ್ದಲ್ಲೇ ಇರುತ್ತದೆ. ನೀರು ಮೇಲಕ್ಕೆ ಹತ್ತಿ ಹೋಗುವುದಿಲ್ಲವಲ್ಲ. ಟಾರ್ಚ್ ಹಿಡಿದು ಕಪಾಟಿನೊಳಗೆ ತಲೆ ಹಾಕಿ, ಸಿಂಕ್ ತಳ, ಪಿ-ಟ್ರ್ಯಾಪ್ (ವಾಸನೆ ಮೇಲೆ ಬರದಂತೆ ನೀರು ನಿಲ್ಲಿಸುವ ಬಾಗಿದ ಪೈಪ್), ಗೋಡೆ ಪೈಪ್ ಮೂರನ್ನೂ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡೆ. ನಮ್ಮದಕ್ಕೆ ಏಳೂವರೆ ಇಂಚೇ ಮಿತಿ ಅಂತ ಗೊತ್ತಾಯಿತು. ಡ್ರೈನ್ ಹಿಂದಿನ ಮೂಲೆಯಲ್ಲಿರುವ ಸಿಂಕ್ ಆರಿಸಿದ್ದರಿಂದ ಕೆಳಗೆ ಒಂದು ಕಸದ ಬುಟ್ಟಿ ಇಡುವಷ್ಟು ಜಾಗವೂ ಉಳಿಯಿತು.

ಒಂದೇ ದೊಡ್ಡ ತೊಟ್ಟಿ ಇದ್ದರೆ ನೀರು ಜಾಸ್ತಿ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ತೊಳೆದ ನೀರು ಹೋಗಿ ಸೇರುವ ನಮ್ಮ ಗ್ರೇ ಟ್ಯಾಂಕ್ 30 ಗ್ಯಾಲನ್, ಅಂದ್ರೆ ಸುಮಾರು 113 ಲೀಟರ್. ಚರಂಡಿ ಕನೆಕ್ಷನ್ ಇಲ್ಲದ ಕಡೆ ನಿಂತಾಗ ಅದು ಬೇಗ ತುಂಬುತ್ತದೆ, ನಿಜ. ಅದಕ್ಕೆ ತೊಟ್ಟಿಯೊಳಗೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟು ಅದರಲ್ಲೇ ಸೋಪು ನೀರು ಮಾಡಿಕೊಳ್ಳುತ್ತೇವೆ. ಬೇಕಾದಾಗ ಎರಡು ತೊಟ್ಟಿ, ಬೇಡವಾದಾಗ ಒಂದು. ಬೇಳೆ, ಅನ್ನದ ಅಗಳು ಮಾತ್ರ ಟ್ಯಾಂಕಿಗೆ ಇಳಿಯಬಾರದು. ಟೆಕ್ಸಸ್ ಬಿಸಿಲಿನಲ್ಲಿ ಅದರ ವಾಸನೆ ಗಾಡಿಯೆಲ್ಲ ಹಬ್ಬುತ್ತದೆ. ಪಾತ್ರೆಯನ್ನು ಮೊದಲು ಟಿಶ್ಯೂನಲ್ಲಿ ಒರೆಸಿ ಆಮೇಲೆ ತೊಳೆಯುತ್ತೇವೆ.

ಇನ್ನು ಮುಚ್ಚಳ. ಮನೆಯಲ್ಲಿ ಸಿಂಕ್‌ಗೆ ಮುಚ್ಚಳ ಯಾರೂ ಹಾಕುವುದಿಲ್ಲ. ಟ್ರೇಲರ್‌ನಲ್ಲಿ ಅದಿಲ್ಲದೆ ತರಕಾರಿ ಹೆಚ್ಚಲು ಜಾಗವೇ ಇಲ್ಲ. ಪ್ಲಾಸ್ಟಿಕ್ ಹಲಗೆ ನೀರಿಗೆ ಬಗ್ಗುವುದಿಲ್ಲ, ಆದರೆ ಪಕ್ಕದಲ್ಲೇ ಒಲೆ. ಒಗ್ಗರಣೆ ಬಾಣಲೆಯನ್ನು ಇಳಿಸಿ ಇಟ್ಟರೆ ಕರಗಿ ಗುಳಿ ಬೀಳುತ್ತದೆ. ಸುರುಳಿ ಸುತ್ತುವ ಸ್ಟೀಲ್ ಕಡ್ಡಿಗಳ ಚಾಪೆ ಪಾತ್ರೆ ಸೋರಲು ಚೆನ್ನಾಗಿದೆ, ಹೆಚ್ಚಲು ಬರುವುದಿಲ್ಲ. ನಾನು ಮುಕ್ಕಾಲು ಇಂಚಿನ ಮೇಪಲ್ ಹಲಗೆ ತಂದು ಎರಡು ತುಂಡು ಮಾಡಿಸಿದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದ್ದು ಇದೇ. ಒಂದೇ ಹಲಗೆ ಆದರೆ ಕೈ ತೊಳೆಯಬೇಕಾದಾಗಲೆಲ್ಲ ಎತ್ತಬೇಕು, ಎತ್ತಿದ್ದನ್ನು ಎಲ್ಲಿಡುವುದು? ಎರಡು ತುಂಡಿದ್ದರೆ ಅರ್ಧದ ಮೇಲೆ ಈರುಳ್ಳಿ ಹೆಚ್ಚುತ್ತಿರುವಾಗಲೇ ಇನ್ನರ್ಧದಲ್ಲಿ ಅಕ್ಕಿ ತೊಳೆಯಬಹುದು. ತೆಗೆದ ತುಂಡನ್ನು ಕಪಾಟಿನ ಬಾಗಿಲ ಒಳಬದಿಗೆ ಎರಡು ಪಟ್ಟಿ ಹೊಡೆದು ಅದರಲ್ಲಿ ನಿಲ್ಲಿಸುತ್ತೇವೆ.

ಹಲಗೆಯ ಅಡಿಗೆ, ತೊಟ್ಟಿಯ ಒಳಗೋಡೆಗೆ ತಾಕುವಂತೆ ಸಣ್ಣ ಮರದ ಪಟ್ಟಿ ಅಂಟಿಸಿದ್ದೇನೆ. ಈಗ ಹೆಚ್ಚುವಾಗ ಜಾರುವುದಿಲ್ಲ. ಅಂಚಿಗೆ ಸಿಲಿಕಾನ್ ಬೊಟ್ಟುಗಳು. ಅವಿಲ್ಲದಿದ್ದರೆ ದಾರಿಯುದ್ದಕ್ಕೂ ಟಕಟಕ ಸದ್ದು. ಒಂದು ತುದಿಯಲ್ಲಿ ಬೆರಳು ಹೋಗುವಷ್ಟು ತೂತು. ಮರಕ್ಕೆ ಅಡುಗೆ ಎಣ್ಣೆ ಹಚ್ಚಬೇಡಿ, ಅದು ಕಮಟುತ್ತದೆ. ಆಹಾರಕ್ಕೆ ಬಳಸುವ ಮಿನರಲ್ ಆಯಿಲ್ ಸಿಗುತ್ತದೆ, ಅದನ್ನೇ ಎರಡೂ ಬದಿಗೆ ಹಚ್ಚಿ. ಮೇಲ್ಬದಿಗಷ್ಟೇ ಹಚ್ಚಿದರೆ ಕೆಳಗಿನಿಂದ ಬರುವ ತೇವಕ್ಕೆ ಹಲಗೆ ಬಗ್ಗುತ್ತದೆ.

ಸಿಂಕ್ ಕೂರಿಸಿದ ಮೇಲೆ ತೊಟ್ಟಿ ತುಂಬ ನೀರು ಹಿಡಿದು ಒಮ್ಮೆಲೇ ಬಿಟ್ಟು, ಕೆಳಗಿನ ಪ್ರತಿ ಜಾಯಿಂಟ್‌ಗೂ ಒಣ ಟಿಶ್ಯೂ ಒತ್ತಿ ನೋಡಿದೆ. ಕಣ್ಣಿಗೆ ಕಾಣದ ಹನಿಯೂ ಅದರಲ್ಲಿ ಗೊತ್ತಾಗುತ್ತದೆ. ಗಾಡಿ ಓಡುವಾಗ ಅಲುಗಾಟಕ್ಕೆ ಪ್ಲಾಸ್ಟಿಕ್ ನಟ್‌ಗಳು ಸಡಿಲವಾಗುತ್ತವೆ. ಕ್ಯಾಂಪ್ ತಲುಪಿ ನೀರು ಬಿಡುವ ಮೊದಲು ಅವುಗಳನ್ನು ಕೈಯಲ್ಲೇ ಒಂದು ಸುತ್ತು ಬಿಗಿ ಮಾಡುತ್ತೇನೆ. ಇಕ್ಕಳ ಹಾಕಿದರೆ ನಟ್ ಒಳಗಿನ ಸುರುಳಿ ಎಳೆ ಕಿತ್ತು ಬರುತ್ತದೆ.