ತುದಿಯ ಸೊನ್ನೆ ಕತ್ತರಿಸುವುದು ಹೇಗೆ?

ಕೋಲಾರದ ಮಂಡಿಗೆ ಹಾಕಿದ ಟೊಮೆಟೊ ಬಾಕ್ಸುಗಳ ಲೆಕ್ಕವನ್ನು ನಮ್ಮ ಭಾವ ದಿನಕ್ಕೊಂದು ಸಾಲಿನಂತೆ ಬರೆದಿಟ್ಟಿದ್ದರು. ಕಂಪ್ಯೂಟರಿಗೆ ಏರಿಸಿದಾಗ ಅದು ಹೀಗಾಯಿತು: 0, 0, 0, 42, 0, 0, 65, 0, 58, 0, 0. ಮೊದಲ ಮೂರು ಸೊನ್ನೆ ಕೊಯ್ಲಿಗೆ ಮುಂಚಿನವು, ಕೊನೆಯ ಎರಡು ಬೆಳೆ ಮುಗಿದ ಮೇಲಿನವು. ಅವು ಬೇಡ. ನಡುವಿನ ಸೊನ್ನೆಗಳು ಮಾತ್ರ ಇರಲೇಬೇಕು. ಅವು ಹಣ್ಣು ಕೀಳದ ದಿನಗಳು, ತೆಗೆದರೆ ಎರಡು ಕೊಯ್ಲಿನ ನಡುವೆ ಎಷ್ಟು ದಿನವಿತ್ತೆಂಬುದೇ ಅಳಿಸಿಹೋಗುತ್ತದೆ. ಹುರುಳಿಕಾಯಿ ಸೋಸುವಾಗ ತೊಟ್ಟು, ತುದಿ ಮುರಿಯುತ್ತೇವೆ, ನಡುವಿನ ಕಾಳಿಗೆ ಕೈ ಹಾಕುವುದಿಲ್ಲವಲ್ಲ, ಹಾಗೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲು) ಬರೆದು ಒಂದೊಂದೇ ಅಂಕಿ ನೋಡಬಹುದು. ಅಂಕಿಗಳ ಲೆಕ್ಕಕ್ಕೆಂದೇ ಇರುವ ಪೈಥಾನ್ ಲೈಬ್ರರಿ ನಂಪೈ (NumPy) ಇದ್ದರೆ ಇಡೀ ಅರೇಗೆ, ಅಂದರೆ ಅಂಕಿಗಳ ಸಾಲಿಗೆ, ಒಂದೇ ಮಾತಿನಲ್ಲಿ ಕೆಲಸ ಹೇಳಬಹುದು. ಒಳಗೆ ಓಡುವುದು ಮೊದಲೇ ಕಂಪೈಲ್ ಆದ ಸಿ ಕೋಡ್, ಅದಕ್ಕೇ ಆ ವೇಗ.

ಮೊದಲು ನಂಪೈಯ ಫ್ಲಾಟ್‌ನಾನ್‌ಜೀರೋ (flatnonzero) ಫಂಕ್ಷನ್‌ಗೆ ಅರೇಯನ್ನು ಕೊಡಿ. ಸೊನ್ನೆಯಲ್ಲದ ಅಂಕಿಗಳು ಎಲ್ಲೆಲ್ಲಿವೆ ಎಂದು ಅದು ಹೇಳುತ್ತದೆ: 3, 6, 8. ಎಣಿಕೆ ಸೊನ್ನೆಯಿಂದ ಶುರು, ನೆನಪಿರಲಿ. ಈ ಪಟ್ಟಿಯ ಮೊದಲನೆಯದು ಆರಂಭ, ಕೊನೆಯದು ಅಂತ್ಯ. ಈಗ 3ರಿಂದ 9ರವರೆಗೆ ಸ್ಲೈಸ್ ಮಾಡಿ, ಅಂದರೆ ಅಷ್ಟು ತುಂಡನ್ನು ಕತ್ತರಿಸಿ. 8 ಅಲ್ಲ, 9. ಸ್ಲೈಸ್‌ನಲ್ಲಿ ಕೊನೆಯ ಸ್ಥಾನ ಸೇರುವುದಿಲ್ಲ, ಒಂದು ಕೂಡಿಸಬೇಕು. ನಾನು ಮರೆತಿದ್ದೆ. "ಕೊನೇ ಕೊಯ್ಲು ಎಲ್ಲೋಯ್ತಪ್ಪ?" ಎಂದು ಭಾವ ಕೇಳಿದಾಗಲೇ 58 ಬಾಕ್ಸು ಮಾಯವಾದದ್ದು ಗೊತ್ತಾಗಿದ್ದು. ಸರಿಯಾಗಿ ಕತ್ತರಿಸಿದರೆ ಉಳಿಯುವುದು 42, 0, 0, 65, 0, 58.

ಬದಲಿಗೆ "ಸೊನ್ನೆಯಲ್ಲದವನ್ನೆಲ್ಲ ಕೊಡು" ಎಂದು ಮಾಸ್ಕ್ (ಬೇಕಾದ್ದನ್ನಷ್ಟೇ ಆರಿಸುವ ಹೌದು-ಅಲ್ಲಗಳ ಜರಡಿ) ಹಾಕಿದರೆ 42, 65, 58 ಬರುತ್ತದೆ, ದಿನಗಳ ಲೆಕ್ಕ ಹಾಳು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಅರೇ ತುಂಬ ಬರೀ ಸೊನ್ನೆಯಿದ್ದರೆ ಸ್ಥಾನಗಳ ಪಟ್ಟಿ ಖಾಲಿ ಬರುತ್ತದೆ. ಮೊದಲನೆಯದನ್ನು ಕೇಳಿದರೆ ಪ್ರೋಗ್ರಾಂ ಎರರ್ ಕೊಟ್ಟು ನಿಲ್ಲುತ್ತದೆ. ಹಾಗಾಗಿ ಪಟ್ಟಿಯ ಸೈಜ್ ಮೊದಲು ನೋಡಿ. ಬರೀ ಸೊನ್ನೆ ಕತ್ತರಿಸಲು ಟ್ರಿಮ್ ಜೀರೋಸ್ (trim_zeros) ಎಂಬ ಸಿದ್ಧ ಫಂಕ್ಷನ್ನೂ ಇದೆ. ಆದರೆ ಸೊನ್ನೆಯ ಜಾಗದಲ್ಲಿ ನ್ಯಾನ್ (NaN, "ಇದು ಅಂಕಿಯಲ್ಲ" ಎಂಬ ಗುರುತು) ಇದ್ದರೆ ಅದು ಕೈಕೊಡುತ್ತದೆ. ನ್ಯಾನ್ ತನಗೆ ತಾನೇ ಸಮನಲ್ಲ, ಹೋಲಿಸಿ ಹಿಡಿಯಲಾಗದು. ಯಾವುದು ನ್ಯಾನ್ ಎಂದು ಹೇಳುವ ಈಸ್‌ನ್ಯಾನ್ (isnan) ಫಂಕ್ಷನ್ ಹಾಕಿ, ಬಂದ ಹೌದು-ಅಲ್ಲ ಉತ್ತರವನ್ನು ಟಿಲ್ಡೆ (~) ಚಿಹ್ನೆಯಿಂದ ತಿರುಗಿಸಿ, ಅದನ್ನು ಫ್ಲಾಟ್‌ನಾನ್‌ಜೀರೋಗೆ ಕೊಡಿ.

ಒಂದು ಮಾತು: ಅರೇ ಬಹಳ ಉದ್ದವಿದ್ದು ತುದಿಯಲ್ಲಿ ನಾಲ್ಕೈದೇ ಸೊನ್ನೆ ಇದ್ದರೆ, ಎರಡೂ ಕಡೆಯಿಂದ ನಡೆದುಬರುವ ಸಾದಾ ಲೂಪೇ ಬೇಗ ಮುಗಿಯಬಹುದು. ಫ್ಲಾಟ್‌ನಾನ್‌ಜೀರೋ ನಡುವಿನದನ್ನೂ ಬಿಡದೆ ನೋಡುತ್ತದೆ.

ಇನ್ನು, ಸ್ಲೈಸ್ ಹೊಸ ಅರೇ ಅಲ್ಲ, ಹಳೆಯದರ ಮೇಲಿಟ್ಟ ಕಿಟಕಿ. ಬಾಕ್ಸಿಗೆ 15 ಕಿಲೋ ಎಂದು ಕತ್ತರಿಸಿದ ತುಂಡನ್ನು ಅದರ ಜಾಗದಲ್ಲೇ 15ರಿಂದ ಗುಣಿಸಿದೆ. 42 ಹೋಗಿ 630 ಆಯಿತು, ಮೂಲ ಅರೇಯಲ್ಲೂ! ತಿಳಿಯದೆ ಅದೇ ಸಾಲನ್ನು ಇನ್ನೊಮ್ಮೆ ಓಡಿಸಿದೆ. ಒಂದು ದಿನದ ಕೊಯ್ಲು 9,450 ಕಿಲೋ ಎಂದು ಕೂತಿತ್ತು. ತಿದ್ದುವುದಿದ್ದರೆ ಕತ್ತರಿಸಿದ ಕೂಡಲೇ ಕಾಪಿ ಮಾಡಿಕೊಳ್ಳಿ.