ಬಾಲಿಯ ಮೆಟ್ಟಿಲು ಗದ್ದೆಗಳನ್ನು ನೋಡಲು ಹೋಗುವವರಿಗೆ

ಕೆರೆಯ ತೂಬು ಎತ್ತಿದ ಮೇಲೆ ಯಾವ ಗದ್ದೆಗೆ ಮೊದಲು ನೀರು, ಯಾವುದಕ್ಕೆ ಆಮೇಲೆ ಎಂಬುದನ್ನು ನೀರಗಂಟಿಯೇ ನೋಡಿಕೊಳ್ಳುತ್ತಿದ್ದ ಕಾಲವನ್ನು ಕೋಲಾರ, ಚಿಕ್ಕಬಳ್ಳಾಪುರದ ಹಿರಿಯರು ಬಲ್ಲರು. ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೊರಡುವ ನಮ್ಮ ಕಡೆಯವರು ಈ ತಿಳಿವಳಿಕೆಯನ್ನು ಜೊತೆಗೊಯ್ಯಬೇಕು, ಏಕೆಂದರೆ ಅಲ್ಲಿನ ಮೆಟ್ಟಿಲು ಗದ್ದೆಗಳು ಉಳಿದಿರುವುದು ನೀರನ್ನು ಹಂಚಿಕೊಳ್ಳುವ ಕಟ್ಟುಪಾಡಿನಿಂದಲೇ. ಒಂದೇ ಕಾಲುವೆಯ ನೀರುಣ್ಣುವ ರೈತರ ಕೂಟವನ್ನು ಅಲ್ಲಿ ಸುಬಾಕ್ ಎಂದೂ ಅದರ ಮುಖ್ಯಸ್ಥನನ್ನು ಪೆಕಸೆಹ್ ಎಂದೂ ಕರೆಯುತ್ತಾರೆ. ಈ ಪದ್ಧತಿಯ ಗದ್ದೆಬಯಲುಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಉಬುದ್ ಪಟ್ಟಣದ ಸಮೀಪದ ತೆಗಲಲಾಂಗ್ ಹೆಚ್ಚು ಹೆಸರಾದ ಜಾಗವಾದರೂ ಅಲ್ಲಿ ಉಯ್ಯಾಲೆ, ಕೆಫೆಗಳ ಗದ್ದಲವೇ ಹೆಚ್ಚು. ಒಂದೇ ದಿನವಿದ್ದರೆ ಬತುಕಾರು ಬೆಟ್ಟದ ಇಳಿಜಾರಿನ ಜತಿಲುವಿಹ್‌ಗೇ ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಸುಮಾರು 700 ಮೀಟರ್ ಎತ್ತರದ ಈ ಬಯಲಿಗೆ ಬಾಡಿಗೆ ಕಾರಿನಲ್ಲಿ ಬೆಳಗಿನ ಹೊತ್ತಿಗೇ ತಲುಪುವುದು ಒಳ್ಳೆಯದು. ಮಧ್ಯಾಹ್ನದ ಮೇಲೆ ಬೆಟ್ಟಕ್ಕೆ ಮೋಡ ಕವಿಯುವುದುಂಟು.

ಯಾವಾಗ ಹೋಗಬೇಕೆಂಬುದು ಪೈರಿನ ಹಂತವನ್ನು ಅವಲಂಬಿಸಿದೆ. ನಾಟಿಗೆ ಮೊದಲು ನೀರು ನಿಂತ ಮಡಿಗಳಲ್ಲಿ ಆಕಾಶ ಕಾಣುತ್ತದೆ, ಆಮೇಲೆ ಹಸಿರು, ಕೊಯ್ಲಿನ ಮುನ್ನ ಹೊಂಬಣ್ಣ, ಕೊಯ್ದ ಮೇಲೆ ಬರಿಯ ಕೂಳೆ. ನಾಟಿಯ ಸಮಯ ಸುಬಾಕ್‌ನಿಂದ ಸುಬಾಕ್‌ಗೆ ಬದಲಾಗುವುದರಿಂದ, ಕೋಣೆ ಕಾಯ್ದಿರಿಸುವಾಗಲೇ ಅಲ್ಲಿನವರನ್ನು ಕೇಳಿ ತಿಳಿದುಕೊಳ್ಳಬೇಕು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಸಾಮಾನ್ಯವಾಗಿ ಮಾರ್ಚ್‌ನಲ್ಲಿ ಬರುವ ನ್ಯೆಪಿ, ನಮ್ಮ ಯುಗಾದಿಯಂತೆಯೇ ಶಕ ವರ್ಷದ ಆರಂಭದ ಹಬ್ಬ. ಆ ದಿನ ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ, ಯಾರೂ ಬೀದಿಗಿಳಿಯುವಂತಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣ ಚಿಕ್ಕಬಳ್ಳಾಪುರದವರಿಗೆ ಹತ್ತಿರ. ಪಾಸ್‌ಪೋರ್ಟಿನ ಅವಧಿ ಕನಿಷ್ಠ 6 ತಿಂಗಳು ಉಳಿದಿರಬೇಕು. ಭಾರತೀಯರಿಗೆ 30 ದಿನಗಳ ವೀಸಾ ಅಲ್ಲಿ ಇಳಿದ ಮೇಲೆಯೇ ಸಿಗುತ್ತದೆ.

ಗದ್ದೆಗಿಳಿದ ಮೇಲಿನ ನಡವಳಿಕೆಯೇ ಎಲ್ಲಕ್ಕಿಂತ ಮುಖ್ಯ. ಬದುವಿನ ಅಂಚು ಮೆತ್ತಗಿರುತ್ತದೆ. ಅದು ಕುಸಿದರೆ ಮೇಲಿನ ಮಡಿ ಬರಿದಾಗುವುದಲ್ಲದೆ ಕೆಳಗಿನ ಮಡಿಯ ಎಳೆಯ ಪೈರೂ ಕೊಚ್ಚಿಹೋಗಬಹುದು. ಆದ್ದರಿಂದ ಎಲ್ಲರೂ ನಡೆಯುವ ಹಾದಿಯಲ್ಲೇ, ಒಬ್ಬರ ಹಿಂದೊಬ್ಬರು ನಡೆಯಬೇಕು. ಎದುರಿಗೆ ಹೊರೆ ಹೊತ್ತವರು ಬಂದರೆ ನಾವೇ ಸರಿಯಬೇಕು. ಗದ್ದೆಯ ಮೂಲೆಯ ಪುಟ್ಟ ಗುಡಿ ಭತ್ತದ ದೇವತೆಯಾದ ದೇವಿ ಶ್ರೀಯದು. ಅದರ ಮುಂದೆ ಎಲೆಯ ತಟ್ಟೆಯಲ್ಲಿಟ್ಟ ಹೂವಿನ ನೈವೇದ್ಯವನ್ನು ತುಳಿಯಬಾರದು, ದಾಟಲೂಬಾರದು.

ಹಿಂದಿರುಗುವ ಮುನ್ನ ಕಾಲುವೆಯ ಜಾಡು ಹಿಡಿದು ಸ್ವಲ್ಪ ಮೇಲಕ್ಕೆ ನಡೆಯಿರಿ. ನೀರು ಕವಲೊಡೆಯುವಲ್ಲಿ ಅಡ್ಡಲಾಗಿಟ್ಟ ಮರದ ದಿಮ್ಮಿಯನ್ನೋ ಕಲ್ಲಿನ ಕಟ್ಟೆಯನ್ನೋ ಕೊರೆದು ಕಚ್ಚುಗಳನ್ನು ಮಾಡಿರುತ್ತಾರೆ. ಯಾವ ಕಚ್ಚು ಎಷ್ಟು ಅಗಲವೋ ಆ ಕಡೆಯ ಗದ್ದೆಗಳಿಗೆ ಅಷ್ಟು ನೀರು.