ಮುರುಗಲದ ಬಾಟಲಿಯಲ್ಲಿದ್ದ ಹುಲ್ಲಿನ ಮದ್ದು

ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮದು ಎರಡೆಕರೆ ಅಡಿಕೆ ತೋಟ. 2017ರ ಮೇ ತಿಂಗಳು. ತೋಟದ ಬದಿಯ ಹುಲ್ಲಿಗೆ ಹೊಡೆದು ಉಳಿದ ಮದ್ದು ಸ್ವಲ್ಪ ಇತ್ತು. ಅದರ ಕ್ಯಾನಿನ ಮುಚ್ಚಳ ಒಡೆದಿತ್ತು. ಚೆಲ್ಲಿ ಹಾಳಾಗುವುದು ಬೇಡ ಅಂತ ಕೈಗೆ ಸಿಕ್ಕ ಖಾಲಿ ಬಾಟಲಿಗೆ ಸುರಿದು, ಮುಚ್ಚಳ ಗಟ್ಟಿ ಮಾಡಿ, ಹಿತ್ತಿಲ ಕಡೆಯ ಕಿಟಕಿಯಲ್ಲಿಟ್ಟೆ. ಅದು ಮುರುಗಲ (ಕೋಕಂ) ಸಿರಪ್ಪಿನ ಬಾಟಲಿ.

ಎರಡು ದಿನ ಬಿಟ್ಟು ತಂಗಿಯ ಮಗ ರಜೆಗೆ ಬಂದ. ಮಧ್ಯಾಹ್ನದ ಸೆಕೆ. ಮಾಣಿಗೆ ಪಾನಕ ಮಾಡಿಕೊಡಲು ಆಯಿ ಬಾಟಲಿ ಹುಡುಕಿದ್ದಾಳೆ, ಕಿಟಕಿಯಲ್ಲಿ ಸಿಕ್ಕಿದೆ. ನಾನು ಜಗಲಿಯಲ್ಲಿದ್ದೆ. ಒಳಗಿಂದ ಅವಳ ಮಾತು ಕೇಳಿತು: "ಎಂತಾ ವಾಸನೆ ಬತ್ತಲೋ ತಮಾ, ಹಾಳಾಗೋಜು ಕಾಣ್ತು."

ನಾನು ಓಡಿದೆ. ಲೋಟದಲ್ಲಿ ಸಕ್ಕರೆ ಹಾಕಿ ಆಗಿತ್ತು. ಅದರ ಮೇಲೆ ಎರಡು ಚಮಚ ಬಿದ್ದಾಗಿತ್ತು. ಮಾಣಿ ಪಕ್ಕದಲ್ಲೇ ನೀರಿನ ತಂಬಿಗೆ ಹಿಡಿದು ನಿಂತಿದ್ದ.

ಆ ಮದ್ದಿನ ಹೆಸರು ಪ್ಯಾರಾಕ್ವಾಟ್. ಒಂದು ಗುಟುಕು ಹೊಟ್ಟೆಗೆ ಹೋದರೂ ಜೀವ ಹೋಗಬಹುದು. ಇದಕ್ಕೆ ಪ್ರತಿವಿಷ ಇಲ್ಲ. ಕುಡಿದವರು ಮೊದಲ ದಿನ ಮಾತಾಡಿಕೊಂಡೇ ಇರಬಹುದು. ಆಮೇಲೆ ಕಿಡ್ನಿ, ಶ್ವಾಸಕೋಶ ಒಂದೊಂದಾಗಿ ಸೋಲುತ್ತವೆ. ಯಾರೂ ಅರಿಯದೆ ಕುಡಿಯಬಾರದು ಅಂತಲೇ ಇದಕ್ಕೆ ಕೆಟ್ಟ ವಾಸನೆ ಸೇರಿಸುತ್ತಾರೆ. ನಮ್ಮ ಮಾಣಿಯನ್ನು ಉಳಿಸಿದ್ದು ಆ ವಾಸನೆ ಮತ್ತು ಆಯಿಯ ಮೂಗು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೆಯ ಅಟ್ಟ, ಪಂಪ್ ಮನೆ, ಉಗ್ರಾಣದ ಮೂಲೆ ಎಲ್ಲ ಕಡೆಯಿಂದ ಮದ್ದಿನ ಬಾಟಲಿ, ಪೊಟ್ಟಣಗಳನ್ನು ತೆಗೆದು ಅಂಗಳದಲ್ಲಿ ಸಾಲಾಗಿ ಇಟ್ಟೆ. ಒಟ್ಟು ಹದಿನಾಲ್ಕು. ಅವುಗಳಲ್ಲಿ ಐದರ ಮೇಲೆ ಚೀಟಿಯೇ ಇರಲಿಲ್ಲ. ಉಳಿದವುಗಳ ಚೀಟಿಯನ್ನು ಆಯಿಯ ಭೂತಗನ್ನಡಿ ಹಿಡಿದು ಒಂದೊಂದಾಗಿ ಓದಿದೆ. ಇಪ್ಪತ್ತು ವರ್ಷ ತೋಟ ಮಾಡಿದವನು, ಚೀಟಿಯನ್ನು ಪೂರ್ತಿ ಓದಿದ್ದು ಅದೇ ಮೊದಲು.

ನಮ್ಮ ದೇಶದ ಕೀಟನಾಶಕದ ಡಬ್ಬಿಗಳ ಮೇಲೆ ಒಂದು ಗುರುತು ಇದ್ದೇ ಇರುತ್ತದೆ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳ ಪ್ರಕಾರ ಅದು ಕಡ್ಡಾಯ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ, ಶಂಕರಪೋಳೆ ಆಕಾರ. ಮಧ್ಯದಲ್ಲಿ ಅಡ್ಡಗೆರೆ. ಕೆಳಗಿನ ಅರ್ಧದಲ್ಲಿ ಬರೀ ಬಣ್ಣ, ಮೇಲಿನ ಅರ್ಧದಲ್ಲಿ ಮಾತು. ಕೆಂಪು ಬಣ್ಣ ಇದ್ದರೆ ಅತಿ ಹೆಚ್ಚು ವಿಷ. ಮೇಲೆ ತಲೆಬುರುಡೆ, ಅಡ್ಡ ಎಲುಬು, ಕೆಂಪಕ್ಷರದಲ್ಲಿ 'ಪಾಯ್ಸನ್'. ಹಳದಿಗೂ 'ಪಾಯ್ಸನ್' ಎಂದೇ ಇರುತ್ತದೆ, ಆದರೆ ಬುರುಡೆ ಇರುವುದಿಲ್ಲ. ನೀಲಿಗೆ 'ಡೇಂಜರ್', ಹಸಿರಿಗೆ 'ಕಾಷನ್'.

ನಾನು ತಪ್ಪಿದ್ದು ಈ ಹಳದಿಯಲ್ಲಿ. ಪ್ಯಾರಾಕ್ವಾಟಿನ ಕ್ಯಾನಿನ ಮೇಲೆ ಇದ್ದದ್ದು ಹಳದಿ. ಬುರುಡೆ ಕಾಣಲಿಲ್ಲ, ಹಾಗಾಗಿ ಅಷ್ಟೇನೂ ಜೋರಿನದಲ್ಲ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ನಮ್ಮ ಕಡೆ ಬಹಳ ಜನ ಹೀಗೇ ತಿಳಿದಿದ್ದಾರೆ. ಬುರುಡೆ ಇದ್ದರೆ ಮಾತ್ರ ವಿಷ, ಉಳಿದದ್ದೆಲ್ಲ ಮದ್ದು! ಈ 'ಮದ್ದು' ಎಂಬ ಮಾತೇ ನಮ್ಮನ್ನು ಮೈಮರೆಸುತ್ತದೆ ಅಂತ ನನಗೆ ಅನಿಸುತ್ತದೆ. ಜ್ವರಕ್ಕೂ ಮದ್ದು, ಹುಳಕ್ಕೂ ಮದ್ದು, ಹುಲ್ಲಿಗೂ ಮದ್ದು. ಇಲಿಗೆ ಹಾಕುವುದನ್ನು ಮಾತ್ರ ಹಿರಿಯರು ನೇರವಾಗಿ 'ಇಲಿ ಪಾಷಾಣ' ಎಂದು ಕರೆದರು, ಅದಕ್ಕೇ ಅದನ್ನು ಎಲ್ಲರೂ ಹುಷಾರಾಗಿ ಇಡುತ್ತಾರೆ.

ಈ ಬಣ್ಣಗಳ ಹಿಂದೆ ಒಂದು ಲೆಕ್ಕ ಇದೆ. ಪರೀಕ್ಷೆಯ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕು ಎಂಬುದನ್ನು, ಮೈತೂಕದ ಪ್ರತಿ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುತ್ತಾರೆ. ಬಾಯಿಂದ ಹೋದಾಗ 1ರಿಂದ 50 ಮಿಲಿಗ್ರಾಂ ಸಾಕಾದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಜಾಸ್ತಿ ಬೇಕಾದರೆ ಹಸಿರು. ಅಂದರೆ ಅಂಕಿ ಕಡಿಮೆ ಇದ್ದಷ್ಟೂ ವಿಷ ಜೋರು. ಕೆಂಪಿನ ಗಡಿಯಲ್ಲಿರುವ 50ನ್ನೇ ಹಿಡಿಯಿರಿ. 60 ಕಿಲೋ ತೂಗುವ ನನ್ನಂಥವನಿಗೆ ಅದು 3 ಗ್ರಾಂ ಆಗುತ್ತದೆ. 15 ಕಿಲೋ ತೂಗುವ ಮಗುವಿಗೆ ಮುಕ್ಕಾಲು ಗ್ರಾಂ, ಒಂದು ಚಿಟಿಕೆ. ಅದೂ ಇಲಿಯ ಲೆಕ್ಕ. ಮನುಷ್ಯನಿಗೆ ಇನ್ನೂ ಕಡಿಮೆ ಸಾಕಾಗಬಹುದು. ಹಾಗಾಗಿ ಬಣ್ಣ ನೋಡಿ ಹೆದರುವುದು ಸರಿ, ಬಣ್ಣ ನೋಡಿ ಧೈರ್ಯ ತಂದುಕೊಳ್ಳುವುದು ಸರಿಯಲ್ಲ.

ಇನ್ನೊಂದು ವಿಷಯ. ಬಣ್ಣ ಹೇಳುವುದು ಒಂದೇ ಸಲಕ್ಕೆ ಒಳಗೆ ಹೋದರೆ ಏನು ಎಂಬುದನ್ನು ಮಾತ್ರ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಮೈಗೆ ತಾಗಿದರೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ನೊಂದವರ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಅಷ್ಟರೊಳಗೆ ಎಷ್ಟೋ ಮಕ್ಕಳ ಬಾಳು ಹಾಸಿಗೆಗೆ ಸೀಮಿತವಾಗಿತ್ತು.

ಅಂಗಳದ ಸಾಲಿನಲ್ಲಿ ಕೆಂಪು ಗುರುತಿನದು ಎರಡು ಸಿಕ್ಕವು. ಒಂದು ಅರ್ಧ ಪೊಟ್ಟಣ ಫೋರೇಟ್. ಬೇರುಹುಳಕ್ಕೆ ಅಂತ ಮರದ ಬುಡಕ್ಕೆ ಹಾಕುತ್ತಿದ್ದ ಹರಳು. ನಾನು ಅದನ್ನು ಗೊಬ್ಬರ ಹಾಕಿದ ಹಾಗೆ ಬರಿಗೈಲಿ ಹಾಕಿದ್ದೇನೆ. ಇಂಥ ವಿಷ ಚರ್ಮದಿಂದಲೂ ಒಳಗೆ ಹೋಗುತ್ತದೆ ಎಂದು ಚೀಟಿಯಲ್ಲೇ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಹದಿನೆಂಟು ಕೀಟನಾಶಕಗಳನ್ನು ನಿಷೇಧಿಸಿ ಆದೇಶ ಮಾಡಿತು. ಅದರ ಪ್ರಕಾರ ಫೋರೇಟ್ ಬಳಕೆ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನಮ್ಮನೆಯಲ್ಲಿ ಆವತ್ತೇ ಮುಗಿದಿತ್ತು. ಇನ್ನೊಂದು, ಅಟ್ಟದ ಮೇಲಿದ್ದ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಕೊಳವೆ. ಕಾಳಿನ ಹುಳಕ್ಕೆ ಇಡುವ ಗುಳಿಗೆ. ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಶಿರಸಿಯ ಮಳೆಗಾಲದಲ್ಲಿ ಉಪ್ಪಿನ ಭರಣಿಯೂ ನೀರೊಡೆಯುತ್ತದೆ. ಆ ಅಟ್ಟದ ಕೆಳಗಿನ ಕೋಣೆಯಲ್ಲೇ ನಾವು ಮಲಗುತ್ತಿದ್ದೆವು. ಮುಚ್ಚಳ ಮುಟ್ಟದೆ ಹಾಗೇ ಗಾಳಿಯಾಡುವ ಕಡೆ ತಂದಿಟ್ಟು, ಕೃಷಿ ಇಲಾಖೆಯವರಿಗೆ ಫೋನ್ ಮಾಡಿದೆ. ಅವರು ಹೇಳಿದ ಹಾಗೆ ಅದನ್ನು ಮನೆಯಿಂದ ಸಾಗಿಸಿದೆವು.

ಆಗ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಳು. ನನ್ನ ಸಾಲು ನೋಡಿ ಅವಳು ಕೇಳಿದ್ದು, "ಅಪ್ಪಾ, ಮೈಲುತುತ್ತದ ಚೀಲ ಯಾಕೆ ತಂದಿಡಲಿಲ್ಲ?"

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದು ವಿಷ ಎಂದು ನನಗೆ ಹೊಳೆದೇ ಇರಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಅಜ್ಜನ ಕಾಲದಿಂದ ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಹೊಡೆಯುತ್ತಾ ಬಂದವರು ನಾವು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ಆದರೆ ಅವಳ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದೇ ನೀಲಿ ಹರಳಿನ ಬಾಟಲಿಯ ಮೇಲೆ ಮೂರು ಚಿತ್ರಗಳಿದ್ದವಂತೆ. ನೋಟ್ ಪುಸ್ತಕದಲ್ಲಿ ಬರೆದು ತೋರಿಸಿದಳು. ಆಕಾರ ಅದೇ ಶಂಕರಪೋಳೆ, ಆದರೆ ಕೀಟನಾಶಕದ ಡಬ್ಬಿಯ ಹಾಗೆ ಬಣ್ಣದ ಗುರುತು ಅಲ್ಲ. ಕೆಂಪು ಅಂಚು, ಬಿಳಿ ನೆಲ, ಕಪ್ಪು ಚಿತ್ರ. ವಿಶ್ವಸಂಸ್ಥೆ 2003ರಲ್ಲಿ ಮೊದಲು ಹೊರತಂದ ಒಂಬತ್ತು ಚಿತ್ರಗಳ ಪದ್ಧತಿ. ಯಾವ ಭಾಷೆಯವರಿಗೂ ತಿಳಿಯಬೇಕು ಎಂದು ಮಾಡಿದ್ದು.

ಮೊದಲ ಚಿತ್ರದಲ್ಲಿ ನಳಿಗೆಯಿಂದ ಹನಿ ಬಿದ್ದು ಅಂಗೈ ತೂತಾಗುತ್ತಿದೆ: ಸುಡುವ ವಸ್ತು, ಮೈಲುತುತ್ತದ ಮಟ್ಟಿಗೆ ಕಣ್ಣಿಗೆ ಕೇಡು. ಎರಡನೆಯದು ಉದ್ಗಾರ ಚಿಹ್ನೆ: ನುಂಗಿದರೆ ಅಪಾಯ. ಮೂರನೆಯದು ಎಲೆಯಿಲ್ಲದ ಮರ, ಅದರ ಬುಡದಲ್ಲಿ ಹೊಟ್ಟೆ ಮೇಲಾಗಿ ಸತ್ತ ಮೀನು.

ಆ ಮೀನಿನ ಚಿತ್ರವನ್ನು ನಾನು ತುಂಬಾ ಹೊತ್ತು ನೋಡಿದೆ. ಪ್ರತಿ ವರ್ಷ ಔಷಧ ಹೊಡೆದಾದ ಮೇಲೆ ಪೀಪಾಯಿ, ಪಂಪು, ಪೈಪು ಎಲ್ಲ ತೊಳೆಯುತ್ತಿದ್ದದ್ದು ತೋಟದ ಕೆಳಗಿನ ಹಳ್ಳದಲ್ಲಿ. ತಾಮ್ರ ಮೀನಿಗೆ ಭಾರಿ ವಿಷ. ನಮ್ಮ ಹಳ್ಳ ಹೋಗಿ ಸೇರುವುದು ಅಘನಾಶಿನಿಗೆ. ಅಘನಾಶಿನಿ ಕುಮಟಾದ ಹತ್ತಿರ ಸಮುದ್ರ ಸೇರುವ ಕಡೆ ಜನ ನೀರಿಗಿಳಿದು ಚಿಪ್ಪಿ ಆಯ್ದು ಬದುಕುತ್ತಾರೆ. ಬೋರ್ಡೋಗೆ ನಾವು ತರುವ ಚಿಪ್ಪು ಸುಣ್ಣವೂ ಆ ಕಡೆಯ ಕರಾವಳಿಯದೇ. ಆಮೇಲೆ ಒಂದು ದಿನವೂ ಹಳ್ಳದಲ್ಲಿ ತೊಳೆದಿಲ್ಲ. ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಮುಂದಿನ ಪೀಪಾಯಿಯ ಮಿಶ್ರಣಕ್ಕೇ ಸೇರಿಸುತ್ತೇನೆ.

ಬೋರ್ಡೋ ಮಾಡುವ ರೀತಿಯನ್ನೂ ಆ ಚಿತ್ರಗಳು ಬದಲಿಸಿದವು. ಅಳತೆ ಹಳೆಯದೇ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸುತ್ತೇನೆ. ಕಬ್ಬಿಣದ ಪಾತ್ರೆ ಆಗುವುದಿಲ್ಲ, ತಾಮ್ರ ಅದಕ್ಕೆ ಹಿಡಿಯುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಬಿದ್ದ ಕೂಡಲೇ ಅದು ಕೊತಕೊತ ಕುದಿಯುತ್ತದೆ. ಹಿಂದೆ ಒಂದು ವರ್ಷ ಹೀಗೆ ಸಿಡಿದ ಸುಣ್ಣ ನಮ್ಮ ಕೊನೆಗೌಡನ (ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಆಳು) ಕಣ್ಣಿಗೆ ಬಿದ್ದಿತ್ತು. ನಾವು ಕಣ್ಣಿಗೆ ಬಟ್ಟೆ ಒತ್ತಿ ಕೂರಿಸಿದ್ದೆವು. ಅದು ದೊಡ್ಡ ತಪ್ಪು. ಹದಿನೈದು ಇಪ್ಪತ್ತು ನಿಮಿಷ ಹರಿಯುವ ನೀರಲ್ಲಿ ಕಣ್ಣು ತೆರೆಸಿ ತೊಳೆದು, ಆಮೇಲೆ ಡಾಕ್ಟರ ಹತ್ತಿರ ಓಡಬೇಕಿತ್ತು. ಪುಣ್ಯಕ್ಕೆ ಕಣ್ಣು ಉಳಿಯಿತು. ಈಗ ಕನ್ನಡಕ, ಕೈಗವಸು ಇಲ್ಲದೆ ಸುಣ್ಣ ಮುಟ್ಟುವುದಿಲ್ಲ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ, ಕೋಲಿನಲ್ಲಿ ತಿರುವುತ್ತಾ ಹೋದರೆ ತಿಳಿ ಆಕಾಶದ ಬಣ್ಣ ಬರುತ್ತದೆ. ಆಗ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಜಾಸ್ತಿ ಇದೆ ಎಂದು ಅರ್ಥ. ಅದು ಎಳೆ ಕಾಯನ್ನೂ ಸುಡುತ್ತದೆ, ಹೊಡೆಯುವವನ ಮೈಯನ್ನೂ ಕೆಡಿಸುತ್ತದೆ. ಸುಣ್ಣದ ನೀರು ಇನ್ನಷ್ಟು ಸೇರಿಸಿ ಮತ್ತೆ ಅದ್ದಿ ನೋಡುತ್ತೇನೆ.

ಕೊನೆಗೌಡನಿಗೆ ಓದಲು ಬರುವುದಿಲ್ಲ. ಮರದ ತುದಿಯಲ್ಲಿ ಕೂತು ಮದ್ದು ಮೈಮೇಲೆ ಬೀಳಿಸಿಕೊಳ್ಳುವವನು ಅವನೇ, ಅಲ್ವಾ? ಹಾಗಾಗಿ ಅವನನ್ನು ಕೂರಿಸಿಕೊಂಡು ನಾಲ್ಕು ಬಣ್ಣ ತೋರಿಸಿದೆ. ಎಲ್ಲ ಕೇಳಿ ಅವನು ಹೇಳಿದ, "ಹೆಗಡೇರೆ, ಇಷ್ಟು ದಿನ ನಾನು ಇದು ಕಂಪನಿಯವರ ಮಾರ್ಕು ಅಂದ್ಕಂಡಿದ್ದೆ." ಮುಂದಿನ ವಾರ ಬೇರೆಯವರ ತೋಟಕ್ಕೆ ಹೋದಾಗ ಅವನೇ ಡಬ್ಬಿ ತಿರುಗಿಸಿ ಬಣ್ಣ ನೋಡಿದನಂತೆ.

ಚೀಟಿ ಇನ್ನೊಂದು ಕೆಲಸಕ್ಕೂ ಬೇಕು. ಯಾರಿಗಾದರೂ ವಿಷ ಏರಿದರೆ ಡಾಕ್ಟರು ಮೊದಲು ಕೇಳುವುದು ಯಾವ ವಿಷ ಅಂತ. ಜೊಲ್ಲು ಸುರಿದು, ಬೆವರಿ, ಕಣ್ಣಪಾಪೆ ಸಾಸಿವೆಯಷ್ಟು ಸಣ್ಣದಾದರೆ ಅದು ಫೋರೇಟಿನ ಜಾತಿಯ ರಂಜಕದ ವಿಷ ಇರಬಹುದು. ಅದಕ್ಕೆ ಅಟ್ರೋಪಿನ್ ಕೊಡುತ್ತಾರೆ. ಅದನ್ನು ಚೀಟಿಯಲ್ಲೇ ಬರೆದಿರುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತಾ ಮನೆಯಲ್ಲಿ ಹೊತ್ತು ಕಳೆಯಬಾರದು. ಸುಡುವ ವಸ್ತು ನುಂಗಿದ್ದರೆ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ. ರೋಗಿಯ ಜೊತೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು. ಆವತ್ತು ಮಾಣಿ ಆ ಪಾನಕ ಕುಡಿದಿದ್ದರೆ, ಡಾಕ್ಟರ ಮುಂದೆ ನಾನು ಇಡುತ್ತಿದ್ದದ್ದು ಮುರುಗಲದ ಚಿತ್ರ ಇರುವ ಬಾಟಲಿ.

ಈಗ ಪಂಪ್ ಮನೆಯಲ್ಲಿ ಬೀಗ ಹಾಕುವ ಒಂದು ಕಪಾಟು ಇದೆ. ಕೆಂಪು ಗುರುತಿನದನ್ನು ಮನೆಗೆ ತರುವುದಿಲ್ಲ. ಬೇಕಾದಷ್ಟೇ ಚಿಕ್ಕ ಡಬ್ಬಿ ತರುತ್ತೇನೆ, ದೊಡ್ಡದರಲ್ಲಿ ನಾಲ್ಕು ಕಾಸು ಉಳಿಯುತ್ತದೆ ಎಂದು ಆಸೆ ಪಡುವುದಿಲ್ಲ. ಮುಚ್ಚಳ ಒಡೆದರೆ ಪ್ಲಾಸ್ಟಿಕ್ ಕಟ್ಟಿ ಅದೇ ಡಬ್ಬಿಯಲ್ಲೇ ಇಡುತ್ತೇನೆ. ಖಾಲಿಯಾದದ್ದನ್ನು ಮೂರು ಸಲ ತೊಳೆದು, ಆ ನೀರನ್ನೂ ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡೆಯುತ್ತೇನೆ. ತೂತಿದ್ದರೆ ಅದರಲ್ಲಿ ಯಾರೂ ಎಣ್ಣೆ, ಮಜ್ಜಿಗೆ ತುಂಬುವುದಿಲ್ಲ.

ಚೀಟಿ ಇಲ್ಲದ ಆ ಐದು ಬಾಟಲಿಗಳು ಮಾತ್ರ ಉಳಿದುಬಿಟ್ಟವು. ಹಳ್ಳಕ್ಕೆ ಚೆಲ್ಲುವ ಹಾಗಿಲ್ಲ, ಸುಡುವ ಹಾಗಿಲ್ಲ, ಬಾವಿ ಇರುವ ಜಾಗದಲ್ಲಿ ಹೂಳುವ ಹಾಗೂ ಇಲ್ಲ. ವಿಚಾರಿಸಿದ ಕಡೆಯೆಲ್ಲ ಮೊದಲು ಕೇಳಿದ್ದು ಒಂದೇ: ಒಳಗಿರುವುದು ಏನು? ಅದನ್ನೇ ನನ್ನಿಂದ ಹೇಳಲಾಗಲಿಲ್ಲ. ಒಂದು ತಗಡಿನ ಪೆಟ್ಟಿಗೆಯಲ್ಲಿ ಮರಳು ತುಂಬಿ, ಅದರೊಳಗೆ ಐದನ್ನೂ ನಿಲ್ಲಿಸಿ, ಬೀಗ ಹಾಕಿದ್ದೇನೆ. ಮುಚ್ಚಳದ ಮೇಲೆ ಮಗಳು ಕೆಂಪು ಬಣ್ಣದಲ್ಲಿ ಬುರುಡೆ ಬರೆದು, ಕೆಳಗೆ ದೊಡ್ಡಕ್ಷರದಲ್ಲಿ 'ವಿಷ' ಎಂದು ಬರೆದಿದ್ದಾಳೆ.